ಅಂಗಳದಲ್ಲಿ ಬಿಚ್ಚಿದ ಸೈಲೆನ್ಸರ್

ಬೆಟಗೇರಿಯ ಒಂದು ಸಣ್ಣ ಓಣಿಯಲ್ಲಿ ಮೂವತ್ತೆಂಟು ವರ್ಷ ನಾನು ಕಾರುಗಳ ಕೆಳಗೆ ಅಂಗಾತ ಮಲಗಿ ಹೊಟ್ಟೆ ಹೊರೆದೆ. ಊರಿನ ಎಷ್ಟೋ ಜನರ ಮುಖ ನನಗೆ ಗುರುತು ಸಿಗುವುದಿಲ್ಲ. ಕಾಲು ತೋರಿಸಿದರೆ ಮಾತ್ರ ಹೆಸರು ಹೇಳುತ್ತೇನೆ. ಸೈಲೆನ್ಸರ್ ಬಿಚ್ಚುವುದು, ತೂತು ಬಿದ್ದದ್ದಕ್ಕೆ ತೇಪೆ ಹಾಕುವುದು, ತೇಪೆಗೂ ನಿಲ್ಲದಿದ್ದರೆ ಹೊಸದು ಕೂಡಿಸುವುದು, ಇಷ್ಟೇ ನನ್ನ ಕಸುಬು. ಈಗ ಮೊಣಕಾಲು ಒಪ್ಪದೆ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಮನೆಗೆ ಬಂದು, “ಇಮಾಮಸಾಬ್ ಕಾಕಾ, ಏನರ ಎರಡು ಮಾತು ಹೇಳ್ರಿ” ಎನ್ನುತ್ತಾರೆ. ಎರಡು ಮಾತಿನಲ್ಲಿ ಮುಗಿಯುವುದಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಮೊದಲಿಗೆ ಒಂದು ಗುಟ್ಟು. ನನ್ನ ಅರ್ಧ ಅನ್ನ ಬಂದದ್ದು ಸೈಲೆನ್ಸರ್ ಕೆಟ್ಟವರಿಂದಲ್ಲ, ಕೆಟ್ಟದ್ದನ್ನು ಮನೆಯಲ್ಲೇ ಬಿಚ್ಚಲು ಹೋದವರಿಂದ. ಬಗ್ಗಿ ನೋಡಿದರೆ ಅದು ಒಂದು ಉದ್ದ ಕೊಳವೆ, ತುದಿಯಲ್ಲೊಂದು ಡಬ್ಬಿ, ಕೆಲವು ನಟ್ಟು, ಅದನ್ನು ತೂಗುಹಾಕಿದ ಮೂರು ರಬ್ಬರ್ ಬಳೆ. ಬಾವಿಗೆ ಬಿದ್ದ ಕೊಡ ತೆಗೆಯುವುದೇ ಇದಕ್ಕಿಂತ ಕಷ್ಟ ಎಂದು ಯಾರಿಗಾದರೂ ಅನ್ನಿಸಬೇಕು. ಕಂಪನಿಯಿಂದ ಬಂದ ದಿನ ಆ ನಟ್ಟು ನಟ್ಟೇ. ಹತ್ತು ಮಳೆಗಾಲ ಕಂಡ ಮೇಲೆ ಅದಕ್ಕೂ ಬೋಲ್ಟಿಗೂ ಹೊಕ್ಕುಳಬಳ್ಳಿ ಬೆಳೆದಿರುತ್ತದೆ.

ನನಗೆ ಕೆಲಸ ಕಲಿಸಿದವರು ಮಾನಪ್ಪ ಉಸ್ತಾದ. ಕಮ್ಮಾರಿಕೆಯಿಂದ ವೆಲ್ಡಿಂಗಿಗೆ ಬಂದವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು ಬೈಗುಳ. ನಾನು ಸೇರಿದ ವಾರದಲ್ಲೇ ಜಂಗು, ಅಂದರೆ ತುಕ್ಕು, ಹಿಡಿದ ಒಂದು ನಟ್ಟಿಗೆ, ನಾವು ಪಾನಾ ಎನ್ನುವ ಸ್ಪ್ಯಾನರ್ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ತಿರುವಿದೆ. ಬೋಲ್ಟು ಟಕ್ಕೆಂದು ಮುರಿದು ಕೈಗೆ ಬಂತು. ಉಸ್ತಾದರು ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಜಂಗು ಹಿಡಿದ ನಟ್ಟು ಅಂದ್ರ ಮುನಿಸಿಕೊಂಡ ಅಳಿಯ ಇದ್ದಂಗ,” ಎಂದರು. “ಜಗ್ಗಿದ್ರ ಮುರಕೊಂಡು ಹೋಗ್ತಾನ. ಎಣ್ಣಿ ಹಚ್ಚು, ಬಿಸಿ ಮುಟ್ಟಿಸು, ಒಂದು ಚಹಾ ಕುಡದು ಬಾ. ಆಮ್ಯಾಲೆ ಕರಿ, ತಾನ ಬರ್ತಾನ.”

ಮುರಿದ ಆ ಬೋಲ್ಟಿನ ತುಂಡು ಕೊರೆದು ತೆಗೆಯಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಉಸ್ತಾದರು ಪಕ್ಕದಲ್ಲೇ ಕುಳಿತು ಮೂರು ಸಲ ಚಹಾ ತರಿಸಿ ಕುಡಿದರು, ನನಗೆ ಕೊಡಲಿಲ್ಲ. ಅವರಿಂದ ಕಲಿತ ಇನ್ನೊಂದು ಪಾಠ: ಸೈಲೆನ್ಸರನ್ನು ಮೊದಲು ಕೈಯ ಹಿಂಬದಿಯಿಂದ ಮುಟ್ಟಬೇಕು, ಅಂಗೈಯಿಂದಲ್ಲ. ಸುಟ್ಟರೂ ಪಾನಾ ಹಿಡಿಯುವ ಭಾಗ ಉಳಿಯುತ್ತದೆ. ಈ ಪಾಠವನ್ನು ಅವರು ಬಾಯಿಂದ ಹೇಳಲಿಲ್ಲ. ನಾನು ಅಂಗೈ ಇಟ್ಟು ಕೂಗಿಕೊಂಡ ಮೇಲೆ ತಮ್ಮ ಮುಂಗೈ ತಿರುಗಿಸಿ ತೋರಿಸಿದರು. ಅಲ್ಲಿ ಹಳೆಯ ಕಲೆಗಳು ಬಹಳ ಇದ್ದವು.

ಯಳವತ್ತಿಯ ಒಬ್ಬ ರೈತರ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಸುಗ್ಗಿಯ ಕಾಲದಲ್ಲಿ ಎರಡು ತಿಂಗಳು ಅವರ ಕಾರು ಕೊಟ್ಟಿಗೆಯಲ್ಲೇ ನಿಂತಿತ್ತು. ಆಮೇಲೆ ಚಾಲೂ ಮಾಡಿದರೆ ಕೆಮ್ಮಿ ಕೆಮ್ಮಿ ನಿಂತುಹೋಗುತ್ತಿತ್ತು. ಅವರೇ ಸೈಲೆನ್ಸರ್ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು, “ಒಳಗ ಏನೋ ಗುಳುಗುಳು ಅಂತೈತಿ” ಎಂದು ನಮ್ಮ ಮುಂದೆ ಇಳಿಸಿದರು. ಉಸ್ತಾದರು ಕೊಳವೆಯನ್ನು ಬಗ್ಗಿಸಿ ಎರಡು ಪೆಟ್ಟು ಕೊಟ್ಟರು. ಒಳಗಿನಿಂದ ಶೇಂಗಾ ಸುರಿಯತೊಡಗಿತು. ಸೇರಿಗೆ ಕಡಿಮೆಯಿಲ್ಲ. ಇಲಿ ಅದನ್ನು ತನ್ನ ಕಣಜ ಮಾಡಿಕೊಂಡಿತ್ತು. ನಾವು ನಗುತ್ತಿದ್ದರೆ ಆ ರೈತರು ಮಾತ್ರ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಕಾಯಿ ಒಡೆದು ನೋಡಿದರು.

“ಇದು ನನ್ನ ಹೊಲದ್ದಲ್ಲ,” ಎಂದರು ಗಂಭೀರವಾಗಿ. “ನಂದು ಎರಡು ಬೀಜದ್ದು. ಇದರಾಗ ಮೂರು ಅದಾವ. ಇದು ಬಾಜೂ ಹೊಲದವಂದು.”

“ಹಂಗಾದ್ರ ತಿರುಗಿ ಕೊಡ್ರಿ,” ಎಂದರು ಉಸ್ತಾದರು.

ಅವರು ಸ್ವಲ್ಪ ಯೋಚನೆ ಮಾಡಿದರು. “ನನ್ನ ಇಲಿ ದುಡದು ತಂದದ್ದೈತಿ,” ಎಂದು ಶೇಂಗಾವನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೋದರು. ಅಂದಿನಿಂದ ನಾನು, ನಿಂತಲ್ಲೇ ನಿಂತ ಗಾಡಿ ಬಂದರೆ ಸೈಲೆನ್ಸರಿನ ಬಾಯಲ್ಲಿ ಮೊದಲು ಟಾರ್ಚ್ ಬಿಟ್ಟು ನೋಡುತ್ತಿದ್ದೆ.

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಉಸ್ತಾದರು ತೀರಿಕೊಂಡು ನಾನೇ ಅಂಗಡಿ ನಡೆಸುತ್ತಿದ್ದ ಕಾಲ. ಹೊಸ ಕಾರುಗಳಲ್ಲಿ ಕೊಳವೆಯ ಮೇಲೆ ವೈರು ಇರುವ ಒಂದು ಸಣ್ಣ ಮೊಳೆಯಂಥ ಸಾಮಾನು ಬರತೊಡಗಿತ್ತು. ಅದು ಹೊಗೆಯನ್ನು ಅಳೆದು ಎಂಜಿನ್ನಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಲಕ್ಷ್ಮೇಶ್ವರದ ಒಬ್ಬ ಡಾಕ್ಟರರ ಕಾರು ಬಂದಾಗ, ಇದೇನು ಬಾಲ ಎಂದು ಅದನ್ನು ಕಿತ್ತು, ತೂತನ್ನು ವೆಲ್ಡ್ ಮಾಡಿ ನೀಟಾಗಿ ಮುಚ್ಚಿದೆ. ಕೆಲಸ ಎಷ್ಟು ಚೆಂದ ಆಗಿತ್ತೆಂದರೆ ಎರಡು ಸಲ ಬಗ್ಗಿ ನೋಡಿ ಖುಷಿಪಟ್ಟೆ. ಚಾಲೂ ಮಾಡಿದರೆ ಮುಂದೆ ಹಳದಿ ದೀಪವೊಂದು ಹತ್ತಿತು. ಆರಲಿಲ್ಲ. ನಾನು ಅದರ ಮೇಲೆ ಬೆರಳಗಲ ಕಪ್ಪು ಟೇಪು ಅಂಟಿಸಿದೆ. ಆರಿತು.

ವಾರದ ನಂತರ ಡಾಕ್ಟರು ಬಂದರು. ಟೇಪನ್ನು ಉಗುರಿನ ತುದಿಯಲ್ಲಿ ಹಿಡಿದುಕೊಂಡೇ ಕಾರಿನಿಂದ ಇಳಿದರು.

“ಇಮಾಮಸಾಬ, ನಿನ್ನ ಮಗಳಿಗೆ ಜ್ವರ ಬಂದ್ರ ನಾ ಥರ್ಮಾಮೀಟರ್ ಒಡದು ಹಾಕಿ, ಆರಾಮಾತು ಮನಿಗೆ ಹೋಗು ಅಂದ್ರ ನಡೀತೈತೇನು?”

ಹೊಸ ಸೆನ್ಸರ್ ತಂದು ಹಾಕಿಕೊಟ್ಟೆ. ಅವರು ಬೈಯಲಿಲ್ಲ, ಕಾರಿನ ಜೊತೆ ಬಂದ ದಪ್ಪ ಪುಸ್ತಕವನ್ನು ಓದಲು ಬಿಟ್ಟುಹೋದರು. ನಲವತ್ತು ದಾಟಿದ ಮೇಲೆ ನಾನು ಮಗಳ ಪಕ್ಕ ಕುಳಿತು ಚಿತ್ರ ನೋಡಿ, ಅವಳಿಂದ ಓದಿಸಿಕೊಂಡು ಪಾಠ ಕಲಿತೆ. ಆಮೇಲೆ ಕೆಲಸದ ರೀತಿಗಳು ಬದಲಾದವು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ವೈರು ಬಿಚ್ಚುವುದು ಬಂತು. ಸೆನ್ಸರಿಗೆ ಬೇರೆಯೇ ಪಾನಾ ಬಂತು. ಕಾರನ್ನೇ ತಲೆಯ ಮೇಲೆ ಎತ್ತುವ ಲಿಫ್ಟ್ ಬಂತು. ನಿಂತು ಕೆಲಸ ಮಾಡುವವರನ್ನು ಕಂಡರೆ ನನಗೆ ಈಗಲೂ ಅವರು ಕೆಲಸ ಮಾಡುತ್ತಿದ್ದಾರೆ ಎನ್ನಿಸುವುದಿಲ್ಲ, ಬಣ್ಣ ಬಳಿಯುತ್ತಿದ್ದಾರೆ ಎನ್ನಿಸುತ್ತದೆ.

ಇಷ್ಟೆಲ್ಲ ಕಲಿತು, ಇನ್ನು ನಾನು ನೋಡದ ಸೈಲೆನ್ಸರ್ ಇಲ್ಲ ಎಂದುಕೊಂಡಿದ್ದಾಗ ಮುಂಡರಗಿಯಿಂದ ಫೋನ್ ಬಂತು. ಕೆಲಸ ಬಿಡುವುದಕ್ಕೆ ಎರಡು ವರ್ಷ ಮೊದಲು, ಒಂದು ರವಿವಾರ ಬೆಳಗ್ಗೆ.

“ಇಮಾಮಸಾಬ್ರ, ನಾ ಮಲ್ಲಪ್ಪ. ಕಾರಿನ ಸೈಲೆನ್ಸರ್ ಬಿಚ್ಚೇನ್ರಿ.”

“ಬಿಚ್ಚಿದ್ರ ಚಲೋನ ಆತಲ್ಲ.”

“ಹೊರಗ ಬರವಲ್ದು.”

“ಈಗ ಎಲ್ಲೈತಿ ಅದು?”

“ನನ್ನ ಎದಿ ಮ್ಯಾಲೆ.”

ಮಲ್ಲಪ್ಪ ಒಕ್ಕಲುತನದವನು, ನನ್ನ ಹಳೆಯ ಗಿರಾಕಿ, ಕಾರಿನ ಕೆಳಗೆ ಮಲಗಿಕೊಂಡೇ ಫೋನ್ ಮಾಡಿದ್ದ. ನನಗೆ ನಗು ಬಂತು. ಮರುಕ್ಷಣ ನಗು ನಿಂತಿತು.

“ಗಾಡಿ ಯಾವುದರ ಮ್ಯಾಲೆ ನಿಂತೈತ್ರಿ?”

“ಜಾಕಿನ ಮ್ಯಾಲೆ. ಜಾಕು ಬೀಸುಕಲ್ಲಿನ ಮ್ಯಾಲೆ.”

“ಫೋನ್ ಇಡಬ್ಯಾಡ್ರಿ. ಸಾವಕಾಶ ಹೊರಗ ಬರ್ರಿ. ಬಂದು ನನಗ ಹೇಳ್ರಿ.”

ಏದುಸಿರು, ಕಬ್ಬಿಣ ನೆಲಕ್ಕೆ ತಾಗಿದ ಸದ್ದು, ಒಂದು ಬೈಗುಳ ಕೇಳಿಸಿದವು. “ಬಂದ್ನಿರಿ,” ಎಂದ. ನಾನು ಬರುವವರೆಗೆ ಅದರ ಕೆಳಗೆ ಬೆಕ್ಕೂ ಹೋಗಬಾರದು ಎಂದು ಹೇಳಿ, ಎರಡು ಗಟ್ಟಿ ಮರದ ದಿಮ್ಮಿಗಳನ್ನು ಮೋಟಾರ್ ಸೈಕಲ್ಲಿಗೆ ಬಿಗಿದು ಹೊರಟೆ. ಹೊಸಬರಿಗೆ ಹೇಳುವುದು ಇದೊಂದೇ ಗಟ್ಟಿಯಾದ ಮಾತು. ಜಾಕು ಕಾರನ್ನು ಎತ್ತಲು ಇರುವುದು, ಎತ್ತಿ ಹಿಡಿಯಲು ಅಲ್ಲ. ಈ ಕಸುಬಿನಲ್ಲಿ ಉಳಿದ ತಪ್ಪುಗಳಿಗೆ ಎರಡನೇ ಸಲ ಅವಕಾಶವಿದೆ, ಇದಕ್ಕಿಲ್ಲ.

ಆ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ಅಣ್ಣ ಶೇಖರಪ್ಪನದು ಕಿರಾಣಿ ಅಂಗಡಿ, ತಮ್ಮ ಮಲ್ಲಪ್ಪನದು ಹೊಲ. ತಂದೆ ಹೋದ ಮೇಲೆ ಪಾಲಾಗಿ, ಅಂಗಳದ ನಡುವೆ ಗೋಡೆ ಎದ್ದು, ಆರು ವರ್ಷದಿಂದ ಇಬ್ಬರೂ ಮಾತು ಬಿಟ್ಟಿದ್ದರು. ಎಲ್ಲವನ್ನೂ ಹಂಚಿದ ಹಿರಿಯರಿಗೆ ತಂದೆಯ ಕಾರನ್ನು ಹಂಚುವುದು ಆಗಲಿಲ್ಲ. ಕಡೆಗೆ, ಹುಣ್ಣಿಮೆಯಿಂದ ಅಮಾವಾಸ್ಯೆಯ ತನಕ ಅಣ್ಣನದು, ಅಮಾವಾಸ್ಯೆಯಿಂದ ಹುಣ್ಣಿಮೆಯ ತನಕ ತಮ್ಮನದು ಎಂದು ಗೊತ್ತುಮಾಡಿದರು. ಕಾರು ನಿಲ್ಲಲು ಗೋಡೆಯಲ್ಲಿ ಅಷ್ಟಗಲ ಜಾಗ ಬಿಟ್ಟಿದ್ದರು. ಆ ಸಂದಿನ ಬಾಯಿಗೆ ತಾಯಿ ನೀಲವ್ವ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಕುರ್ಚಿಯ ಎರಡು ಕಾಲು ದೊಡ್ಡ ಮಗನ ಪಾಲಿನಲ್ಲಿ, ಎರಡು ಸಣ್ಣ ಮಗನ ಪಾಲಿನಲ್ಲಿ.

ನಾನು ಹೋದಾಗ ಕಾರು ಹಿಂದಿನ ಭಾಗ ಎತ್ತಿಕೊಂಡು ನಿಂತಿತ್ತು. ಮಲ್ಲಪ್ಪ ತಲೆಯಿಂದ ಕಾಲಿನವರೆಗೆ ಕೆಂಪು ಜಂಗಿನ ಪುಡಿಯಲ್ಲಿ ಮಿಂದಿದ್ದ. ಗೋಡೆಯ ಆಚೆಯಿಂದ ಶೇಖರಪ್ಪ ಬಿಳಿ ಧೋತರ ಉಟ್ಟು ಬಂದರು.

“ಇಮಾಮಸಾಬ್ರ, ಅವಗ ಕೇಳ್ರಿ,” ಎಂದರು ತಮ್ಮನ ಮುಖದಿಂದ ಒಂದು ಮಾರು ದೂರದಲ್ಲಿ ನಿಂತು. “ನಾಳೆ ನನ್ನ ಮಗಳ ನಿಶ್ಚಯಕ್ಕ ಶಿಗ್ಲಿಗೆ ಹೋಗೂದು ಊರಿಗೆಲ್ಲಾ ಗೊತ್ತೈತಿ. ಇವತ್ತ ಗಾಡಿ ಬಿಚ್ಚಿ ಒಗದಾನಲ್ಲ, ಇದು ಯಾವ ಬುದ್ಧಿ ಅಂತ.”

“ಅಣ್ಣಗ ಹೇಳ್ರಿ,” ಎಂದ ಮಲ್ಲಪ್ಪ ನನ್ನನ್ನೇ ನೋಡುತ್ತ. “ಹುಣ್ಣಿಮಿ ನಾಳೆ. ಇವತ್ತ ಗಾಡಿ ನಂದು.”

“ಬಾಡಿಗಿ ಗಾಡಿ ತಗೊಂಡು ಹೋಗ್ರಲ್ಲ,” ಎಂದೆ ನಾನು.

“ಅಜ್ಜನ ಗಾಡಿಯೊಳಗ ಹೋಗಬೇಕು ಅಂತ ನನ್ನ ಮಗಳು ಸವಿತಾ ಹಠ ಹಿಡದಾಳ. ಅವಗ ಹೇಳ್ರಿ, ಕೂಸಿನ ಮಾರಿ ನೋಡಿ ಆದ್ರೂ ಈ ದ್ವೇಷ ಬಿಡಬೇಕಿತ್ತು ಅಂತ. ಅಪ್ಪನ ಗಾಡಿ ಹಾಳು ಮಾಡಾಕ ಹುಟ್ಯಾನ ಅಂತ.”

ನಾನು ಮಲ್ಲಪ್ಪನ ಕಡೆ ತಿರುಗಿ, “ಅಣ್ಣಾರು ಗಾಡಿ ಜೋಪಾನ ಅನ್ನಾಕತ್ತಾರ,” ಎಂದೆ.

“ನನಗ ಕಿವಿ ಕೇಳಸ್ತಾವ್ರಿ,” ಎಂದ ಮಲ್ಲಪ್ಪ.

ನನ್ನ ಪಾಡು ಹೀಗೆ ಆರಂಭವಾಯಿತು. ಒಬ್ಬರು ಹೇಳುವುದು, ಇನ್ನೊಬ್ಬರು ಕೇಳಿಸಿಕೊಂಡರೂ ನಾನು ಮತ್ತೆ ಹೇಳುವವರೆಗೆ ಕಾಯುವುದು, ಆಮೇಲೆ ಉತ್ತರ ಕೊಡುವುದು. ಮೊದಮೊದಲು ಮಾತುಗಳ ಮೊನೆ ಉಜ್ಜಿ ನುಣುಪು ಮಾಡಿ ಕೊಟ್ಟೆ. ಕೆಲಸದ ನಡುವೆ ಅದು ಸಾಧ್ಯವಾಗದೆ, ಬಂದದ್ದನ್ನು ಬಂದ ಹಾಗೆ ದಾಟಿಸತೊಡಗಿದೆ. ಕೈಗೆ ಪಾನಾ ರೂಢಿಯಾದ ಹಾಗೆ ಬಾಯಿಗೆ ಅದು ರೂಢಿಯಾಯಿತು.

ಮೊದಲು ನಾನು ತಂದಿದ್ದ ಜಾಕು ಕೊಟ್ಟು, ದಿಮ್ಮಿಗಳನ್ನು ಇಟ್ಟು, ಬೀಸುಕಲ್ಲನ್ನು ಈಚೆಗೆ ಎಳೆದೆ. ಅದು ನನ್ನ ಕೈಯಲ್ಲೇ ಎರಡು ಹೋಳಾಯಿತು. ಯಾವಾಗ ಸೀಳಿತ್ತೋ, ಎಷ್ಟು ಹೊತ್ತಿನಿಂದ ಹಾಗೆ ನಿಂತಿತ್ತೋ. ಮಲ್ಲಪ್ಪ ಹೋಳುಗಳನ್ನು ನೋಡಿ ನೆಲದ ಮೇಲೆ ಕುಳಿತುಬಿಟ್ಟ. ಶೇಖರಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ನೀಲವ್ವ ಮಾತ್ರ, “ಆ ಕಲ್ಲು ನಮ್ಮತ್ತಿದು. ಹೋಗ್ಲಿ ಬಿಡು,” ಎಂದರು.

ಕೆಳಗೆ ಹೋಗಿ ನೋಡಿದೆ. ಮಲ್ಲಪ್ಪ ಮುಂದಿನ ಎರಡು ನಟ್ಟಿಗೆ ರಾತ್ರಿಯೇ ಎಣ್ಣೆ ಬಿಟ್ಟು ಬಿಚ್ಚಿದ್ದ, ಮೆಚ್ಚಬೇಕಾದ ಕೆಲಸ. ರಬ್ಬರ್ ಬಳೆಗಳನ್ನು ಮಾತ್ರ ಕುಡಗೋಲಿನಿಂದ ಕೊಯ್ದಿದ್ದ. ಸೋಪಿನ ನೀರು ಹಚ್ಚಿದ್ದರೆ ತಾವೇ ಜಾರುತ್ತಿದ್ದವು. ಸೈಲೆನ್ಸರಿನ ಕೊಳವೆ ಹಿಂದಿನ ಗಾಲಿಗಳ ಅಚ್ಚಿನ ಮೇಲಿಂದ ಹಾದು ಬರುತ್ತದೆ. ಇವನು ಜಾಕನ್ನು ಅಚ್ಚಿಗೇ ಕೊಟ್ಟಿದ್ದರಿಂದ ಅಚ್ಚು ಮೇಲೇರಿ ದಾರಿ ಕಟ್ಟಿತ್ತು. ಗಾಡಿಯ ಮೈಗೆ ಜಾಕು ಕೊಟ್ಟಿದ್ದರೆ ಗಾಲಿ ಜೋತುಬಿದ್ದು ಜಾಗ ಬಿಡುತ್ತಿತ್ತು. ಹಳೆಯದು ಹೇಗೂ ಕೊಳೆತಿತ್ತು. ನಾನು ಹ್ಯಾಕ್ಸಾ ತೆಗೆದು ನಡುವೆ ಕೊಯ್ದೆ. ಎರಡು ತುಂಡಾಗಿ ಹೊರಗೆ ಬಂತು.

“ಕೊಯ್ದು ತೆಗಿಯೂದ?” ಎಂದ ಮಲ್ಲಪ್ಪ ನೊಂದುಕೊಂಡು. “ಅದು ನನಗೂ ಬರ್ತಿತ್ತು.”

“ಬರ್ತಿತ್ತು. ಹೊಳೀಲಿಲ್ಲ.”

ಹೊಸ ಸೈಲೆನ್ಸರ್ ಅವನ ಪಡಸಾಲೆಯಲ್ಲಿ, ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದ. ಅದನ್ನು ನೋಡಿ ನನಗೆ ಆಶ್ಚರ್ಯವಾಯಿತು. ನನಗೆ ಬೆಳಕು ಹಿಡಿಯಲು ಅವನೂ ಪಕ್ಕದಲ್ಲಿ ಬಂದು ಮಲಗಿದಾಗ, ಮೊದಲೇ ತಂದಿಟ್ಟಿದ್ದೀರಲ್ಲ, ನಾಳೆ ಗಾಡಿ ಹೇಗೂ ಅಣ್ಣನದು, ಇವತ್ತೇ ಏನು ಅವಸರವಿತ್ತು ಎಂದು ಕೇಳಿದೆ. ಅವನು ದನಿ ತಗ್ಗಿಸಿದ.

“ಈ ಗಾಡಿ ತಿಂಗಳಾತು, ಟ್ರ್ಯಾಕ್ಟರ್ ಹಂಗ ಒದರಾಕತ್ತಿತ್ತು. ನಾಳೆ ಹಂಗ ಒದರಿಕೋತ ಬೀಗರ ಓಣಿಗೆ ಹೋದ್ರ ಅವರು ಏನಂತಾರ? ಸವಿತಾ ನನ್ನ ಹೆಗಲ ಮ್ಯಾಲೆ ಬೆಳದ ಕೂಸು. ಅಣ್ಣಗ ಗೊತ್ತಾಗದಂಗ ಹಾಕಿ, ತೊಳದು ನಿಲ್ಲಸೂಣಂತ ಮಾಡಿದ್ನಿ. ಅಣ್ಣಗ ಹೇಳಬ್ಯಾಡ್ರಿ.”

ಈಗ ನನ್ನ ಜನ್ಮದ ಎರಡನೇ ದೊಡ್ಡ ತಪ್ಪು. ಎರಡು ತಾಸಿನಿಂದ ಒಬ್ಬ ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತಲೇ ಇದ್ದೆ. ಗಮನವೆಲ್ಲ ಮೇಲಿನ ಒಂದು ಕೊಕ್ಕೆಯ ಮೇಲಿತ್ತು. ಬಾಯಿ ತನ್ನ ಪಾಡಿಗೆ ತಾನು ತೆರೆಯಿತು.

“ಶೇಖರಪ್ಪಣ್ಣಾರ,” ಎಂದೆ ಕೆಳಗಿನಿಂದಲೇ ಗಟ್ಟಿಯಾಗಿ, “ನಾಳೆ ಬೀಗರ ಮುಂದ ಸಪ್ಪಳ ಆಗಬಾರದು ಅಂತ ತಮ್ಮಾರು ಹೊಸಾದು ಹಾಕಾಕ ಬಿಚ್ಯಾರಂತ್ರಿ. ಸವಿತಾ ಅವರ ಹೆಗಲ ಮ್ಯಾಲೆ ಬೆಳದ ಕೂಸಂತ. ಅಣ್ಣಗ ಹೇಳಬ್ಯಾಡ್ರಿ ಅನ್ನಾಕತ್ತಾರ.”

ಹೇಳಿ ಮುಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮಲ್ಲಪ್ಪ ಟಾರ್ಚನ್ನು ನೇರ ನನ್ನ ಕಣ್ಣಿಗೆ ಹಿಡಿದಿದ್ದ. ಹೊರಗೆ ಶೇಖರಪ್ಪನ ಎರಡು ಪಾದಗಳು ಅಲುಗಾಡದೆ ನಿಂತಿದ್ದವು. ಆಮೇಲೆ ಆ ಪಾದಗಳು ಹತ್ತಿರ ಬಂದವು, ಬಿಳಿ ಧೋತರ ಮಣ್ಣಿನ ಮೇಲೆ ಕುಳಿತಿತು, ಶೇಖರಪ್ಪನ ಮುಖ ಕೆಳಗೆ ಬಗ್ಗಿ ಕಾಣಿಸಿತು.

“ಇಮಾಮಸಾಬ್ರ,” ಎಂದರು. “ಅವಗ ಕೇಳ್ರಿ, ಮುಂಜಾನಿಂದ ಏನರ ತಿಂದಾನೇನು ಅಂತ.”

ನಾನು ಕೇಳಿದೆ. ಮಲ್ಲಪ್ಪ ತಲೆ ಅಲ್ಲಾಡಿಸಿದ. ಕಣ್ಣಿಗೆ ಜಂಗಿನ ಪುಡಿ ಬಿತ್ತೆಂದು ಹೇಳಿ ತೋಳಿನಿಂದ ಒರೆಸಿಕೊಂಡ.

ಜಾಕು, ದಿಮ್ಮಿ ಎರಡನ್ನೂ ಗಾಡಿಯ ಮೈಯ ಕೆಳಗೆ ಸರಿಸಿ ಅಚ್ಚನ್ನು ಇಳಿಬಿಟ್ಟೆ. ಹೊಸದನ್ನು ಅದರ ಮೇಲಿಂದ ಇಡಿಯಾಗಿ ತೂರಿಸಬೇಕು. ಅದು ಒಬ್ಬಿಬ್ಬರ ಕೆಲಸವಲ್ಲ. ಹಿಂದಿನಿಂದ ಒಬ್ಬರು ತಳ್ಳಬೇಕು, ಪಕ್ಕದಿಂದ ಒಬ್ಬರು ಎತ್ತಿ ಹಿಡಿಯಬೇಕು, ಮುಂದೆ ನಾನು ನಟ್ಟು ಕೂಡಿಸಬೇಕು. ಶೇಖರಪ್ಪನೇ ತೋಳು ಮಡಚಿ ಹಿಂದಿನ ಡಬ್ಬಿ ಹಿಡಿದರು. ಮಲ್ಲಪ್ಪ ನಡುವಿನ ಕೊಳವೆ ಎತ್ತಿದ. ನಾನು ಮುಂದಿನ ಬಾಯಿಗೆ ವಾಶರ್ ಕೂಡಿಸುತ್ತಿದ್ದೆ.

“ಇಮಾಮಸಾಬ್ರ, ಅವಗ ಕೇಳ್ರಿ,” ಎಂದು ಶೇಖರಪ್ಪ ಮತ್ತೆ ಶುರು ಮಾಡಿದರು. “ನಾಳೆ ನಮ್ಮ ಜೋಡಿ...”

ಮಾತು ಅಲ್ಲೇ ನಿಂತಿತು. ಆ ಮಾತನ್ನು ನಾನು ದಾಟಿಸಬಾರದು ಎಂದು ನನಗೆ ಅನ್ನಿಸಿತು. ನಾಲ್ಕು ನಟ್ಟುಗಳನ್ನು ತೆಗೆದು ಬಾಯಲ್ಲಿ ಹಾಕಿಕೊಂಡೆ. ಎರಡೇ ಸಾಕಿತ್ತು, ನಾಲ್ಕೂ ಹಾಕಿಕೊಂಡೆ.

“ಇಮಾಮಸಾಬ್ರ?”

“ಉಂ,” ಎಂದೆ.

“ಕೇಳ್ರಲ್ಲ.”

ನಾನು ಕೆನ್ನೆ ಉಬ್ಬಿಸಿ ತೋರಿಸಿದೆ. ಸೈಲೆನ್ಸರ್ ಹಗುರದ ವಸ್ತುವಲ್ಲ. ತಲೆಯ ಮಟ್ಟಕ್ಕೆ ಎತ್ತಿ ಹಿಡಿದವರ ತೋಳು ಬೇಗ ನಡುಗುತ್ತದೆ. ನಾನು ಅವಸರ ಮಾಡಲಿಲ್ಲ. ಒಂದು ನಟ್ಟನ್ನು ಬಾಯಿಂದ ತೆಗೆದು ಒರೆಸಿದೆ, ಮತ್ತೆ ಬಾಯಲ್ಲಿ ಇಟ್ಟುಕೊಂಡೆ.

“ಎತ್ತಲೇ ಮಲ್ಲಾ,” ಎಂದರು ಶೇಖರಪ್ಪ ಕಡೆಗೆ. “ನನ್ನ ರಟ್ಟಿ ಬೀಳಾಕತ್ತಾವ.”

“ಎತ್ತೇನಣ್ಣಾ. ನೀ ಸ್ವಲ್ಪ ಬಲಕ್ಕ ತಿರುವು.”

“ನಾಳೆ ನೀನ ಗಾಡಿ ಹೊಡಿ. ನನಗ ಅಷ್ಟು ದೂರ ಆಗೂದಿಲ್ಲ. ಎಂಟಕ್ಕ ಹೊರಡೂದು.”

ಮಲ್ಲಪ್ಪ ಕೊಳವೆಯನ್ನು ಇನ್ನೊಂದು ಬೆರಳಷ್ಟು ಎತ್ತಿದ. ಆಮೇಲೆ, “ಎಂಟಕ್ಕ ಹೆಂಗ?” ಎಂದ. “ಸೋಮವಾರ ಏಳೂವರಿಗೆ ರಾಹುಕಾಲ ಹತ್ತತೈತಿ. ಏಳಕ್ಕ ಹೊರಡಬೇಕು.”

“ಏಳಕ್ಕ ಹೆಣ್ಮಕ್ಕಳು ತಯಾರಾಗ್ತಾರೇನಲೇ?”

“ಇವತ್ತ ಹೇಳಿ ಇಟ್ರ ಆಗ್ತಾರ. ನೀ ಯಾವಾಗ ಹೊತ್ತಿಗೆ ಸರಿಯಾಗಿ ಹೇಳಿದಿ?”

“ಆರು ವರ್ಷ ಸುಮ್ನ ಇದ್ದಾಂವ ಈಗ ನನಗ ಹೊತ್ತು ಕಲಸ್ತಿಯೇನು?”

“ಸುಮ್ನ ಇದ್ದಾಂವ ನೀನು.”

ನಾನು ನಟ್ಟು ಬಿಗಿದು, ಹೊಸ ರಬ್ಬರ್ ಬಳೆ ಹಾಕಿ ಹೊರಗೆ ಬಂದೆ. ಕಾರು ಚಾಲೂ ಮಾಡಿ ಬಗ್ಗಿ ಕಿವಿಗೊಟ್ಟೆ. ಸೋರಿಕೆ ಇದೆಯೇ ಎಂದು ಕೇಳಿಸಿಕೊಳ್ಳಲು ಆಗಲಿಲ್ಲ. ಏಳೋ ಎಂಟೋ, ಶಿರಹಟ್ಟಿಯ ಮೇಲೆ ಹೋಗುವುದೋ ಗದಗಿನ ಮೇಲೋ, ಕಾರಿನ ಮುಂದಿನ ಸೀಟು ಯಾರಿಗೆ ಎಂದು ಅಣ್ಣತಮ್ಮಂದಿರು ಆರು ವರ್ಷದ ಮಾತನ್ನೆಲ್ಲ ಒಟ್ಟಿಗೆ ಆಡುತ್ತಿದ್ದರು. ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು ನೀಲವ್ವನ ಹತ್ತಿರ ಹೋದೆ.

“ಸಪ್ಪಳ ಕಡಿಮಿ ಮಾಡಾಕ ನಿನ್ನ ಕರಿಸಿದ್ದು, ಇಮಾಮಸಾಬ,” ಎಂದರು ಅವರು. “ಈ ಗದ್ಲಕ್ಕ ಏನು ಹಾಕ್ತಿ?”

“ಇದಕ್ಕ ಎಲ್ಲೂ ಸಾಮಾನು ಸಿಗೂದಿಲ್ರಿ ಅವ್ವಾರ.”

“ಸಿಗದಿದ್ರ ಬ್ಯಾಡ ಬಿಡು,” ಎಂದು ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, ಚಹಾಕ್ಕೆ ನೀರಿಡಲು ಎದ್ದರು. ಎರಡು ಮನೆಗಳಲ್ಲಿ ಯಾವುದರೊಳಗೆ ಹೋದರೆಂದು ಮಕ್ಕಳಿಬ್ಬರೂ ನೋಡಲಿಲ್ಲ.